ಮಂಜಿನೊಳಗಿನ ಓಟ

ಹಗಲೂ ಮಂಜು ಕವಿದಿರುತ್ತಿದ್ದ ಒಂದು ಕಾಡಿನಲ್ಲಿ ಮುದಿ ಪ್ರಾಣಿಗಳಿಗೆಲ್ಲ ಕೀಲುನೋವು. ಆನೆಯಜ್ಜಿಗಂತೂ ಮಂಡಿ ಮಡಚಲೂ ಆಗದು. ಮರಕ್ಕೊರಗಿ ನಿಂತೇ ನರಳುತ್ತಿದ್ದಳು, ಪಾಪ. ಗುಡ್ಡದಾಚೆ ಮುಳ್ಳುಹಂದಿ ಪಂಡಿತ ಇದಕ್ಕೆ ಮದ್ದು ಹುಡುಕುತ್ತಿದ್ದ. ದಿನವಿಡೀ ನೆಲ ಅಗೆದು, ಸಿಕ್ಕ ಬೇರನ್ನೆಲ್ಲ ಅರೆದು ತನ್ನ ಕಾಲಿಗೇ ಹಚ್ಚಿ ನೋಡುತ್ತಿದ್ದ. ಹೊಟ್ಟೆಗೆ ಹುಡುಕಿಕೊಳ್ಳಲು ಅವನಿಗೆ ಹೊತ್ತೇ ಸಿಗುತ್ತಿರಲಿಲ್ಲ.

ಕೆಂಚನೆಂಬ ನರಿಗೆ ಇದು ಸುಗ್ಗಿಯಾಗಿ ಕಂಡಿತು. “ಪಂಡಿತರ ಊಟಕ್ಕಾಗಿ ನಾನು ಗುಡ್ಡ ಸುತ್ತಿ ಓಡ್ತೀನಿ. ಒಂದೊಂದು ಸುತ್ತಿಗೂ ಇಷ್ಟಿಷ್ಟು ಅಂತ ಹಣ್ಣು ಕೊಡಿ. ಪಂಡಿತರಿಗೆ ನಾನೇ ಮುಟ್ಟಿಸ್ತೀನಿ,” ಎಂದು ಪ್ರಾಣಿಗಳಿಗೆಲ್ಲ ಹೇಳಿದ.

“ನಮಗೋಸ್ಕರ ಓಡ್ತೀಯೇನಪ್ಪಾ? ನಿನ್ನ ಹೊಟ್ಟೆ ತಣ್ಣಗಿರಲಿ,” ಎಂದಳು ಅಜ್ಜಿ.

ಅಂದಿನಿಂದ ಕೆಂಚ ಎಲ್ಲರೆದುರೇ ಮಂಜಿನೊಳಗೆ ಓಡುತ್ತಿದ್ದ. ಕಣ್ಮರೆಯಾದದ್ದೇ ತಡ, ಒಂದು ಒದ್ದೆ ಗುಹೆ ಹೊಕ್ಕು ಮುದುಡಿ ಮಲಗುತ್ತಿದ್ದ. ಆಮೇಲೆ ಏದುಸಿರು ಬಿಡುತ್ತ ಇನ್ನೊಂದು ಬದಿಯಿಂದ ಬರುತ್ತಿದ್ದ. ಕಳ್ಳ! ಹಣ್ಣೆಲ್ಲ ಅವನ ಹೊಟ್ಟೆಗೇ ಇಳಿಯಿತು. ತಿಂದು ಮಲಗಿ, ಮಲಗಿ ತಿಂದು ಮೈ ಊದಿಕೊಂಡಿತು.

ಅತ್ತ ಹಸಿವು ತಾಳಲಾರದೆ ಪಂಡಿತ ಅಗೆಯುವುದನ್ನೇ ಬಿಟ್ಟ. ತತ್ತರಿಸುತ್ತ ಕಾಡು ಬಿಟ್ಟು ಹೋದ. ಅದನ್ನು ಗುಹೆಯಿಂದ ನೋಡಿದವನು ಕೆಂಚನೊಬ್ಬನೇ. ಯಾರಿಗೂ ಹೇಳಲಿಲ್ಲ.

ಒಂದು ಸಂಜೆ ಗುಹೆಯಿಂದ ಹೊರಟವನ ಹಿಂದೆಯೇ ಏನೋ ಸದ್ದು. ಕಟ್. ಕಟ್.

ಕೆಂಚ ನಿಂತ. ಸದ್ದೂ ನಿಂತಿತು. ಹೆಜ್ಜೆಯಿಟ್ಟ. ಕಟ್.

ತಿರುಗಿ ನೋಡಿದರೆ ಬರೀ ಮಂಜು. “ಯಾ... ಯಾರದು?” ಅವತ್ತು ಮೊದಲ ಬಾರಿಗೆ ಕೆಂಚ ನಿಜಕ್ಕೂ ಓಡಿದ. ಸದ್ದೂ ಅವನ ಜೊತೆಗೇ ಓಡಿತು. ಕಾಲು ಸೆಟೆದು ಆನೆಯಜ್ಜಿಯ ಮುಂದೆ ದೊಪ್ಪನೆ ಬಿದ್ದ.

“ಅಜ್ಜೀ, ಯಾರೋ ಬೆನ್ನು ಹತ್ತಿದ್ದಾರೆ! ಆ ಸದ್ದು ಕೇಳ್ಲಿಲ್ವಾ?”

ಅಜ್ಜಿ ಸೊಂಡಿಲಿನಿಂದ ಅವನ ಮಂಡಿಯನ್ನು ಮೆಲ್ಲಗೆ ಮಡಚಿದಳು. ಕಟ್ ಎಂದಿತು. ಕೆಂಚ ಕಿರುಚಿಕೊಂಡ.

“ಯಾರೂ ಇಲ್ಲ ಮಗಾ. ಇದು ನಿನ್ನದೇ ಕೀಲು. ನಮಗೋಸ್ಕರ ಓಡಿ ಓಡಿ ಹೀಗಾಯ್ತೇನೋ. ಹೆದರಬೇಡ, ಪಂಡಿತರ ಹತ್ರ ಹೋಗು. ನೀನು ಕೊಟ್ಟ ಹಣ್ಣು ತಿಂದು ಇಷ್ಟೊತ್ತಿಗೆ ಮದ್ದು ಕಂಡುಹಿಡಿದಿರ್ತಾರೆ.”

ಕೆಂಚ ಗುಡ್ಡದ ಕಡೆ ನೋಡಿದ; ಅಲ್ಲಿ ಪಂಡಿತನಿಲ್ಲವೆಂದು ಅವನೊಬ್ಬನಿಗೇ ಗೊತ್ತಿತ್ತು. ಅಂದಿನಿಂದ ಆ ಮಂಜಿನಲ್ಲಿ ನರಳುವ ದನಿಗಳ ಜೊತೆ ಅವನದೂ ಒಂದು ಸೇರಿತು.

ನೀತಿ: ನೊಂದವರ ಹೆಸರಿನಲ್ಲಿ ಬೇಡಿ ತಂದದ್ದನ್ನು ನುಂಗಿದವನಿಗೆ, ಅದೇ ನೋವು ಬಂದಾಗ ಮದ್ದು ಸಿಗುವುದಿಲ್ಲ.