ಕೇಳದೆ ಮುಟ್ಟಿಸಿದ ಮಾತ್ರೆ

"ಗುರುಗಳೇ, ರೋಗಿಯ ಒಳಿತಿಗೆಂದೇ ಅವನ ವಿವರ ನೋಡುವವನು ಅವನ ಒಪ್ಪಿಗೆಯನ್ನೇಕೆ ಕೇಳಬೇಕು?" ಎಂದು ಮಠದ ಔಷಧಾಲಯ ನೋಡಿಕೊಳ್ಳುತ್ತಿದ್ದ ಶಿಷ್ಯ ನಿರಂಜನ ಕೇಳಿದ.

ಗುರುಗಳು ಹೇಳಿದರು: "ಒಳಿತು ಮಾಡುವ ಅವಸರ ನಿನಗೂ ಹತ್ತಿತೇ? ಹಾಗಾದರೆ ಕೂತುಕೋ.

"ಒಂದೂರಿನಲ್ಲಿ ಒಬ್ಬ ಔಷಧದ ಅಂಗಡಿಯವನಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳಬೇಕಾಗಿರಲಿಲ್ಲ. ಊರಿನ ವೈದ್ಯರು ಯಾರಿಗೆ ಯಾವ ಮದ್ದು ಬರೆದರೂ ಅದು ಅವನ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಮದ್ದು ಕೇಳಿ ಬಂದವರ ವಿವರವನ್ನು ಮಾತ್ರ ನೋಡಬೇಕೆಂಬುದು ಕಟ್ಟಳೆ. ಅವನು ಬಾರದವರದ್ದನ್ನೂ ನೋಡುತ್ತಿದ್ದ. ಯಾರಾದರೂ ಮದ್ದು ತಪ್ಪಿಸಿದ್ದು ಕಂಡರೆ ತಾನೇ ಹೋಗಿ ಮನೆಗೆ ಮುಟ್ಟಿಸುತ್ತಿದ್ದ. ಊರವರು ಅವನನ್ನು ಪುಣ್ಯಾತ್ಮ ಎನ್ನುತ್ತಿದ್ದರು. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ?

"ಅದೇ ಊರಿನ ಒಂದು ಮನೆಯ ಸೊಸೆಗೆ ಮದುವೆಗೆ ಮೊದಲಿನಿಂದಲೂ ಮೂರ್ಛೆ ರೋಗ. ಮಾತ್ರೆ ತಪ್ಪಿಸದೆ ನುಂಗುತ್ತಿದ್ದುದರಿಂದ ವರ್ಷಗಳಿಂದ ಅದು ಕಾಣಿಸಿಕೊಂಡಿರಲಿಲ್ಲ. ಗಂಡನ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮದುವೆಯೇ ಆಗುತ್ತಿರಲಿಲ್ಲ. ಊರಿನ ವೈದ್ಯರೊಬ್ಬರಿಗೆ ಮಾತ್ರ ಗೊತ್ತಿತ್ತು. ಊರಿನಲ್ಲಿ ಮಾತ್ರೆ ಕೊಂಡರೆ ಸುದ್ದಿಯಾದೀತೆಂದು ಪಕ್ಕದೂರಿನ ಸಂತೆಗೆ ಹೋದಾಗ ಅಲ್ಲಿನ ಔಷಧದ ಅಂಗಡಿಯಲ್ಲಿ ಕೊಳ್ಳುತ್ತಿದ್ದಳು.

"ಅಂಗಡಿಯವನು ಅವಳ ವಿವರ ನೋಡಿದ. ವೈದ್ಯರು ಬರೆದಿದ್ದಾರೆ, ತನ್ನಲ್ಲಿ ಕೊಂಡಿಲ್ಲ. 'ಅಯ್ಯೋ, ಮದ್ದು ಬಿಟ್ಟುಬಿಟ್ಟಿದ್ದಾಳೆ' ಎಂದುಕೊಂಡ. ತನ್ನದು ಬಿಟ್ಟರೆ ಲೋಕದಲ್ಲಿ ಇನ್ನೊಂದು ಅಂಗಡಿಯಿದೆ ಎಂಬುದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಮಾತ್ರೆ ಕಟ್ಟಿಕೊಂಡು ಅವಳ ಮನೆಗೆ ಹೋದ. ಬಾಗಿಲಿಗೆ ಬಂದವಳು ಅತ್ತೆ.

"'ಯಾರಿಗಪ್ಪಾ ಇದು?'

"'ನಿಮ್ಮ ಸೊಸೆಗಮ್ಮಾ. ಮೂರ್ಛೆಯ ಮಾತ್ರೆ. ತಪ್ಪಿಸೋ ಹಾಗಿಲ್ಲ, ನೀವೇ ಸ್ವಲ್ಪ ನೋಡ್ಕೊಳ್ಳಿ.'

"ಅತ್ತೆ ಒಳಗೆ ಹೋಗಿ ಸೊಸೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು. ಒಲೆಯ ಮುಂದೆ ಮಗುವಿನೊಡನೆ ಬಿದ್ದರೆ ಗತಿಯೇನು ಎಂದು ಅವಳ ಭಯ. ಮುಚ್ಚಿಟ್ಟಳೆಂದು ಗಂಡನಿಗೆ ಸಿಟ್ಟು. ಸೊಸೆ ಎಷ್ಟು ಬೇಡಿಕೊಂಡರೂ ಮಗುವನ್ನು ಕೊಡಲಿಲ್ಲ. ಒಬ್ಬಳನ್ನೇ ತವರಿಗೆ ಕಳಿಸಿದರು.

"ಸುದ್ದಿ ತಿಳಿದ ಅಂಗಡಿಯವನು ಬಸ್ ನಿಲ್ದಾಣಕ್ಕೆ ಓಡಿ ಬಂದು ಕೈಮುಗಿದ. 'ನೀವು ಮದ್ದು ಬಿಟ್ಟಿದ್ದೀರಿ ಅಂದ್ಕೊಂಡೆ ತಾಯಿ. ನಿಮ್ಮ ಒಳ್ಳೇದಕ್ಕೇ ಮಾಡಿದ್ದು.'

"'ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಣ್ಣಾ?' ಎಂದಳು. ಅವನನ್ನು ಬೈಯಲೂ ಅವಳಲ್ಲಿ ತ್ರಾಣವಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ."

ನಿರಂಜನ ಕೇಳಿದ: "ಆದರೂ ಅವನ ಮನಸ್ಸು ಶುದ್ಧವಾಗಿತ್ತಲ್ಲವೇ, ಗುರುಗಳೇ?"

"ಶುದ್ಧವಾಗಿಯೇ ಇತ್ತು. ಈಗ ಆ ಮಗುವಿಗೆ ಜ್ವರ ಬಂದರೆ ಅವನಿಗೆ ಕಂಪ್ಯೂಟರಿನಲ್ಲಿ ತಿಳಿಯುತ್ತದೆ, ಹೆತ್ತವಳಿಗೆ ತಿಳಿಯುವುದಿಲ್ಲ."