ರೇನ್‌ಕೋಟ್ ತೊಟ್ಟ ಕಂಪ್ಯೂಟರ್

ರಿಟೈರಾದ ತಹಶೀಲ್ದಾರ್ ಶ್ರೀಕಂಠಯ್ಯನವರ ಹೊಸ ಗೇಮಿಂಗ್ ಕಂಪ್ಯೂಟರಿನಲ್ಲಿ ರೇಸಿನ ಕಾರು ಎತ್ತಿನಗಾಡಿಯಂತೆ ತೆವಳುತ್ತಿತ್ತು. ಅಂಗಡಿಯ ಮೆಕ್ಯಾನಿಕ್ ಓಡಿ ಬಂದ.

ನೋಡಿದರೆ, ಕಂಪ್ಯೂಟರಿಗೆ ಮೈತುಂಬ ಪ್ಲಾಸ್ಟಿಕ್ ಕವರು. ಗಾಳಿಯಾಡುವ ಕಿಂಡಿಗಳೆಲ್ಲ ಮುಚ್ಚಿವೆ. ಮುಟ್ಟಿದರೆ ಕಾದ ಹೆಂಚು!

“ಕವರ್ ತೆಗೆದ್ರೆ ಧೂಳು ಕೂರುತ್ತೆ, ಹುಷಾರ್!” ಸಾಹೇಬರು ಗುಡುಗಿದರು. “ಹಾಗೇ ಸರಿಮಾಡು. ಇಲ್ಲಾಂದ್ರೆ ಕಂಪ್ಲೇಂಟ್ ಕೊಡ್ತೀನಿ.”

“ಆಗ್ಲಿ ಸಾರ್. ನಿಮ್ಮ ರೇನ್‌ಕೋಟ್ ಹಾಕ್ಕೊಂಡು ನಾಲ್ಕು ಸಲ ಮೆಟ್ಟಿಲು ಹತ್ತಿ ಇಳೀರಿ. ಟೆಸ್ಟಿಂಗು.”

ಇದೆಂಥ ಟೆಸ್ಟಿಂಗೋ ಎಂಬ ಕುತೂಹಲಕ್ಕೆ ಸಾಹೇಬರು ಹತ್ತಿದರು. ಮೂರನೇ ಸಲಕ್ಕೆ ಕೋಟು ಕಿತ್ತೆಸೆದರು. “ಉಸಿರು ಕಟ್ತಲ್ಲಯ್ಯಾ!”

“ಅದೂ ಹಂಗೇ ಅಂತಿದೆ ಸಾರ್.”

ಸಾಹೇಬರೇ ಕವರ್ ಹರಿದರು. ಬಿಸಿ ಆರಿದ ಮೇಲೆ ಕಾರು ಹಾರಿತು. ಅವರ ಕಣ್ಣು ಮಾತ್ರ ಟೀವಿಯ ಕಡೆಗಿತ್ತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ರಿಮೋಟನ್ನು ಎತ್ತಿಕೊಂಡು ಮೆಲ್ಲಗೆ ಕೇಳಿದರು:

“ಪಾಪ, ಇದಕ್ಕೂ ಉಸಿರು ಕಟ್ತಿದೆಯೇನಯ್ಯಾ?”