ಹಗ್ಗದ ಮೂರನೇ ತುದಿ

ಹಗ್ಗಕ್ಕೆ ಎರಡು ತುದಿ. ಮೂರನೇ ತುದಿ ಎಲ್ಲಿದೆ?

ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ, ಸಿಗುವುದಿಲ್ಲ. ಉಮಾಕಾಂತ ಮೂರು ತಿಂಗಳು ಕೆರೆದುಕೊಂಡ. ಸಿಕ್ಕಿದ್ದು ಹೊಟ್ಟು ಮಾತ್ರ.

ಒಗಟು ಹಾಕಿದವರು ಅವನ ಗುರುಗಳು, ಜಟ್ಟಪ್ಪ ತಾಂಡೇಲರು. ನದಿ ಸಮುದ್ರ ಸೇರುವುದಕ್ಕೆ ಎರಡು ಮೈಲಿ ಹಿಂದೆ, ದಂಡೆಯ ಮೇಲೆ ಅವರದೊಂದು ಗುಡಿಸಲು. ಗುಡಿಸಲ ಮುಂದೆ ಪುಟ್ಟದೊಂದು ಜೆಟ್ ಬೋಟು. ಬಂದವರನ್ನು ಗಾಳಿ ತುಂಬಿದ ಟ್ಯೂಬಿನ ಮೇಲೆ ಮಲಗಿಸಿ, ಇಲ್ಲವೆ ಕಾಲಿಗೆ ಸ್ಕೀ ಹಲಗೆ ಕಟ್ಟಿ ನಿಲ್ಲಿಸಿ, ಹಗ್ಗ ಹಾಕಿ ನೀರಿನ ಮೇಲೆ ಎಳೆಯುವುದು ಅವರ ಕಸುಬು.

ಇಪ್ಪತ್ತು ವರ್ಷದಲ್ಲಿ ಹೋದಷ್ಟೂ ಜನ ವಾಪಸು ಬಂದಿದ್ದರು. ಅದಕ್ಕೇ ಅವರು ಗುರುಗಳು.

ಊರವರು ಆ ಗುಡಿಸಲನ್ನು ಆಶ್ರಮ ಎನ್ನುತ್ತಿದ್ದರು. ಉಮಾಕಾಂತ ಅಲ್ಲಿಗೆ ಬೋಟು ಓಡಿಸಲು ಕಲಿಯಬೇಕೆಂದು ಬಂದ. ಮೂರು ತಿಂಗಳಲ್ಲಿ ಕಲಿತದ್ದು ಟ್ಯೂಬಿಗೆ ಗಾಳಿ ಹೊಡೆಯುವುದು, ಹಗ್ಗ ಸುತ್ತುವುದು, ಲೈಫ್ ಜಾಕೆಟ್ಟಿನ ಬಕಲು ಎಳೆದು ನೋಡುವುದು.

"ಗುರುಗಳೇ, ಚಾವಿ ಯಾವಾಗ ಕೊಡ್ತೀರಿ?"

"ಮೂರನೇ ತುದಿ ಸಿಕ್ಕಿದ ದಿನ."

"ಹಗ್ಗವನ್ನ ನಡುವೆ ಕತ್ತರಿಸಿದರೆ ನಾಲ್ಕು ತುದಿ ಆಗ್ತದೆ. ಅದರಲ್ಲಿ ಮೂರನೆಯದು ತಗೊಳ್ಳಿ."

"ಕತ್ತರಿಸು. ಆಮೇಲೆ ಎಳೆಯುವಾಗ ಹಗ್ಗದ ಬದಲು ನಿನ್ನನ್ನೇ ಕಟ್ಟುವಾ."

ಮಾರನೇ ದಿನ ಇನ್ನೊಂದು ಉತ್ತರ ತಂದ. ರಾತ್ರಿಯಿಡೀ ಗಂಭೀರವಾಗಿ ಯೋಚಿಸಿದ್ದ.

"ಸಿಕ್ಕಿತು ಗುರುಗಳೇ. ಮೂರನೇ ತುದಿ ದೇವರ ಕೈಯಲ್ಲಿದೆ."

"ದೇವರಿಗೆ ಬೇರೆ ಕೆಲಸ ಇದೆ ತಮಾ. ನೀನು ಗಾಳಿ ಹೊಡಿ."

ಉಮಾಕಾಂತ ಪಂಪನ್ನು ಒದ್ದ. ಪಂಪು ವಾಪಸು ಬಂದು ಅವನ ಕಣಕಾಲಿಗೇ ಹೊಡೆಯಿತು.

ಅವನಿಗೆ ಇನ್ನೂ ಒಂದು ಉರಿ ಇತ್ತು. ಬೋಟಿನಲ್ಲಿ ಇದ್ದದ್ದೇ ನಾಲ್ಕು ಸೀಟು. ಅದರಲ್ಲೊಂದು ಯಾವಾಗಲೂ ಗುರುಗಳ ಹೆಂಡತಿ ನಾಗಮ್ಮನದು. ಅಮ್ಮ ಬೋಟಿನ ಮುಖಕ್ಕೆ ಬೆನ್ನು ಹಾಕಿ, ಹಿಂದಕ್ಕೆ ತಿರುಗಿ ಕೂರುವರು. ಬಾಯಲ್ಲಿ ಎಲೆಯಡಿಕೆಯ ಕವಳ. ಒಂದು ಕೈ ಗುರುಗಳ ಬೆನ್ನ ಮೇಲೆ. ಎಂಜಿನ್ ಕೂಗುತ್ತಿದ್ದರೆ ಆ ಕೈ ಒಮ್ಮೆ ತಟ್ಟುವುದು, ಒಮ್ಮೆ ಚಿವುಟುವುದು, ಒಮ್ಮೆ ಸುಮ್ಮನೆ ಸವರುವುದು.

ನನಗೆ ಚಾವಿ ಇಲ್ಲ, ಇವರಿಗೆ ಅರವತ್ತರ ಮೇಲೆ ಜಲವಿಹಾರ ಬೇಕು ಎಂದು ಉಮಾಕಾಂತ ದಂಡೆಯಲ್ಲಿ ನಿಂತು ಹಲ್ಲು ಕಡಿದ. ಒಂದು ಮಧ್ಯಾಹ್ನ ಗುಡಿಸಲ ಹಿಂದೆ ನಾಯಿಯ ಬೆನ್ನು ತಟ್ಟಿ, ಸವರಿ, ಚಿವುಟಿ, ಮೀನು ಮಾರುವವರಿಗೆ ಆ ಸರಸವನ್ನು ಅಣಕಿಸಿ ತೋರಿಸುತ್ತಿದ್ದ. ನಗುತ್ತಿದ್ದವರು ಏಕಾಏಕಿ ಬುಟ್ಟಿ ಎತ್ತಿಕೊಂಡರು. ತಿರುಗಿ ನೋಡಿದರೆ ನಾಗಮ್ಮ.

"ಚಿವುಟೂದು ಇನ್ನೂ ಸ್ವಲ್ಪ ಗಟ್ಟಿ" ಎಂದು ತಿದ್ದಿ, ಅವರು ನೀರು ತರಲು ಹೋದರು.

ಒಂದು ದಿನ ಗುರುಗಳು ಅವನನ್ನೇ ಟ್ಯೂಬಿನ ಮೇಲೆ ಮಲಗಿಸಿ ಎಳೆದರು. ಬೋಟು ಒಂದು ಸಣ್ಣ ತಿರುವು ತೆಗೆದುಕೊಂಡಿತು. ಉಮಾಕಾಂತ ಗಾಳಿಯಲ್ಲಿ ಹಾರಿ ನೀರಿನಲ್ಲಿ ಮೂರು ಪಲ್ಟಿ ಹೊಡೆದ.

"ನೀವು ತಿರುಗಿಸಿದ್ದು ಇಷ್ಟೇ ಇಷ್ಟು" ಎಂದ, ಮೂಗಿನಿಂದ ನೀರು ಸೀನುತ್ತ. "ನಾನು ಹೋಗಿ ಬಿದ್ದದ್ದು ಅಲ್ಲಿ."

"ಹೌದು. ಮುಂದೆ ಕೂತವನ ತಪ್ಪು ಹಿಂದಿನವನಿಗೆ ತಲುಪುವಾಗ ದೊಡ್ಡದಾಗಿರ್ತದೆ."

"ಅದನ್ನ ಬಾಯಲ್ಲೇ ಹೇಳಬಹುದಿತ್ತು."

"ಹೇಳಿದ್ದರೆ ನೀನು ಮೂರನೇ ದಿನ ಮರೀತಿದ್ದೆ."

ಇನ್ನೊಂದು ದಿನ ಹಗ್ಗ ಬಿಚ್ಚಿಟ್ಟು, ಖಾಲಿ ನೀರಿನಲ್ಲಿ ಅವನ ಕೈಗೆ ಸ್ಟೇರಿಂಗ್ ಕೊಟ್ಟರು. ಚಾವಿಯ ಕೆಂಪು ದಾರವನ್ನು ತಾವೇ ಅವನ ಮಣಿಕಟ್ಟಿಗೆ ಕಟ್ಟಿದರು. ಓಡಿಸುವವನು ನೀರಿಗೆ ಬಿದ್ದರೆ ದಾರ ಚಾವಿಯನ್ನು ಕಿತ್ತು ಎಂಜಿನ್ ನಿಲ್ಲಿಸುತ್ತದೆ. ದೂರದಲ್ಲಿ ಒಂದು ಖಾಲಿ ಎಣ್ಣೆ ಡಬ್ಬಿ ತೇಲಿಬಿಟ್ಟು, "ಅದಕ್ಕೆ ತಾಗಿಸದೆ ತಿರುಗಿಸು" ಎಂದರು.

ಉಮಾಕಾಂತ ಹುಟ್ಟಿದಾಗಿನಿಂದ ಅಪ್ಪನ ಮೀನು ದೋಣಿ ಓಡಿಸಿದವ. ಡಬ್ಬಿ ಹತ್ತಿರ ಬಂತು. ಅಭ್ಯಾಸದಂತೆ ರೇಸು ಬಿಟ್ಟು ಸ್ಟೇರಿಂಗ್ ತಿರುಗಿಸಿದ. ಬೋಟು ಸ್ಟೇರಿಂಗಿಗೂ ತನಗೂ ಸಂಬಂಧವೇ ಇಲ್ಲ ಎಂಬಂತೆ ಸೀದಾ ಹೋಗಿ ಡಬ್ಬಿಯ ಮೇಲೆ ಹತ್ತಿತು.

"ಸ್ಟೇರಿಂಗ್ ಕೆಟ್ಟಿದೆ ಗುರುಗಳೇ."

"ನಿನ್ನಪ್ಪನ ದೋಣಿಯ ಹಾಗೆ ಇದಕ್ಕೆ ಅಡಿಯಲ್ಲಿ ಪಂಖ ಇಲ್ಲ. ಹೊಟ್ಟೆಯಿಂದ ನೀರು ಕುಡಿದು ಹಿಂದಕ್ಕೆ ಉಗುಳ್ತದೆ. ಉಗುಳುವಾಗ ಮಾತ್ರ ತಿರುಗ್ತದೆ. ರೇಸು ಬಿಟ್ಟೆಯೋ, ನಿನ್ನ ಮಾತು ಕೇಳೂದಿಲ್ಲ."

"ಅಂದರೆ ಡಿಕ್ಕಿ ಹೊಡೆಯುವ ಹೊತ್ತಿಗೆ ರೇಸು ಕೊಡಬೇಕಾ?"

"ಅಷ್ಟು ಹತ್ತಿರ ಹೋಗಲೇಬಾರದು."

"ಹೋದರೆ?"

ಗುರುಗಳು ಬಾಗಿ ನೀರಿನಿಂದ ಡಬ್ಬಿ ಎತ್ತಿ ಅವನ ತೊಡೆಯ ಮೇಲಿಟ್ಟರು. ಡಬ್ಬಿ ಹಪ್ಪಳವಾಗಿತ್ತು.

"ಈಗಲಾದರೂ ಚಾವಿ ಕೊಡ್ತೀರಾ?"

"ಮೂರನೇ ತುದಿ?"

ಉಮಾಕಾಂತ ಹಪ್ಪಳದ ಡಬ್ಬಿಯಿಂದ ತನ್ನ ಹಣೆ ಹಣೆ ಚಚ್ಚಿಕೊಂಡ.

ಆ ಭಾನುವಾರ ಭಾವ ಬಂದ.

ಅಕ್ಕ ಸುಮಿತ್ರಾಳ ಮದುವೆಯಾಗಿ ಹದಿನೆಂಟು ದಿನವಾಗಿತ್ತು. ಭಾವ ಶಿವಾನಂದ ಘಟ್ಟದ ಮೇಲೆ ಬೇಕರಿ ಇಟ್ಟವ, ಈಜು ಬಾರದವ. ಉಮಾಕಾಂತ ಮದುವೆ ಮನೆಯಲ್ಲಿ, ಬೋಟು ಓಡಿಸುವುದು ನಾನೇ ಎಂದು ಎಲ್ಲರ ಮುಂದೆ ಊದಿದ್ದ. ಇಬ್ಬರೂ ಮನೆಯಿಂದ ಹೊರಡುವಾಗಲೇ ಅಕ್ಕ ಹೇಳಿದ್ದಳು: "ಅವರನ್ನ ಹೇಗೆ ಕಳಿಸ್ತಿದ್ದೇನೋ ಹಾಗೇ ವಾಪಸು ತರಬೇಕು. ಇಲ್ಲದಿದ್ದರೆ ನೀನೂ ಮನೆಗೆ ಬರಬೇಡ."

ಗುರುಗಳು ಪೆಟ್ರೋಲು ತರಲು ಪೇಟೆಗೆ ಹೋಗಿದ್ದರು. ಚಾವಿ ಮೊಳೆಯಲ್ಲಿ ತೂಗುತ್ತಿತ್ತು. ನಾಗಮ್ಮ ತೆಂಗಿನ ನೆರಳಲ್ಲಿ ಮೆಟ್ಟುಕತ್ತಿಯ ಮೇಲೆ ಕೂತು ಮೀನು ಕೊಯ್ಯುತ್ತಿದ್ದರು.

"ಅಮ್ಮ, ಭಾವನಿಗೆ ಒಂದೇ ಒಂದು ಸುತ್ತು."

"ತಡಿ, ಕೈ ತೊಳೆದು ನಾನೂ ಬರ್ತೆ."

"ನೀವು ಬೇಡ ಅಮ್ಮ. ಭಾರ ಜಾಸ್ತಿಯಾದರೆ ಬೋಟು ಏಳೂದಿಲ್ಲ."

ನಾಗಮ್ಮ ಮೆಟ್ಟುಕತ್ತಿಯ ಮೇಲಿಂದ ಏಳುವಷ್ಟರಲ್ಲಿ ಬೋಟು ದಂಡೆ ಬಿಟ್ಟಿತ್ತು.

ಭಾವನಿಗೆ ಕಿತ್ತಳೆ ಜಾಕೆಟ್ಟು ತೊಡಿಸಿ ಟ್ಯೂಬಿನ ಮೇಲೆ ಮಲಗಿಸುವಾಗಲೇ ಉಮಾಕಾಂತ ಹೇಳಬೇಕಾದ್ದೆಲ್ಲ ಹೇಳಿದ್ದ. ಹೆಬ್ಬೆರಳು ಮೇಲೆ ಮಾಡಿದರೆ ಜೋರು, ಕೆಳಗೆ ಮಾಡಿದರೆ ನಿಧಾನ. ಬಿದ್ದರೆ ಒಂದು ಕೈ ಎತ್ತಬೇಕು. ಎತ್ತಿದರೆ ಏನೂ ಆಗಿಲ್ಲ ಎಂದು ಅರ್ಥ.

ಮೊದಲು ಹೆಬ್ಬೆರಳು ಮೇಲಿತ್ತು. ಉಮಾಕಾಂತ ರೇಸು ಕೊಟ್ಟ. ಮುಂದೆ ನೋಡಿದರೆ ಭಾವ ಕಾಣುವುದಿಲ್ಲ. ಭಾವನನ್ನು ನೋಡಿದರೆ ನದಿ ಕಾಣುವುದಿಲ್ಲ. ಕತ್ತು ಒಂದೇ. ಮುಂದೆ, ಹಿಂದೆ, ಮುಂದೆ, ಹಿಂದೆ ತಿರುಗಿಸಿ ಕತ್ತಿನ ನರ ಹಿಡಿದುಕೊಂಡಿತು. ಈ ಭಾವನಿಗೆ ಹೆಬ್ಬೆರಳನ್ನಾದರೂ ಸರಿಯಾಗಿ ಹಿಡಿಯಲು ಬರಬಾರದೇ? ಮೇಲೋ ಕೆಳಗೋ? ಕಣ್ಣು ಕಿರಿದು ಮಾಡಿ ನೋಡಿದ. ಕೆಳಗೆ.

ಮುಂದೆ ತಿರುಗಿದರೆ ಎದುರಿಗೇ ಬಲೆ ಕಟ್ಟುವ ಗೂಟಗಳ ಸಾಲು. ಗೂಟಗಳ ಮೈತುಂಬ ಬ್ಲೇಡಿನಂಥ ಚಿಪ್ಪಿ.

ಕೈ ತಾನಾಗಿ ರೇಸು ಬಿಟ್ಟಿತು. ಬೋಟು ಸೀದಾ ಹೋಯಿತು.

ಅಂದು ಗುರುಗಳು ತೊಡೆಯ ಮೇಲಿಟ್ಟ ಹಪ್ಪಳದಂಥ ಡಬ್ಬಿ ಅವನ ಕಣ್ಣ ಮುಂದೆ ಬಂತು. ಗೂಟದ ಎದುರಿಗೇ ರೇಸು ಕೊಟ್ಟ. ಸ್ಟೇರಿಂಗ್ ಮಾತು ಕೇಳಿತು. ಬೋಟು ಮೊಳದಷ್ಟರಲ್ಲಿ ಗೂಟ ತಪ್ಪಿಸಿ ತಿರುಗಿತು.

ಹಿಂದಿನ ಟ್ಯೂಬು ಕವಣೆ ಕಲ್ಲಿನ ಹಾಗೆ ಬೀಸಿಹೋಯಿತು. ಉಮಾಕಾಂತ ತಿರುಗಿ ನೋಡಿದಾಗ ಟ್ಯೂಬು ಮಗುಚಿ ತೇಲುತ್ತಿತ್ತು. ಅದರ ಮೇಲೆ ಭಾವ ಇರಲಿಲ್ಲ.

ನದಿ ಅಷ್ಟಗಲ. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಕಿತ್ತಳೆ ಜಾಕೆಟ್ಟು ಕಾಣಲಿಲ್ಲ. ಎತ್ತಿದ ಕೈ ಕಾಣಲಿಲ್ಲ. ಭಾವ ಎಲ್ಲಿ ಬಿದ್ದನೆಂದೇ ಅವನಿಗೆ ಗೊತ್ತಿಲ್ಲ. ಭಾವ ಬಿದ್ದಾಗ ಇವನ ಕಣ್ಣು ಗೂಟದ ಮೇಲಿತ್ತು. ಬೋಟನ್ನು ಯಾವ ಕಡೆ ತಿರುಗಿಸಿದರೂ ಭಾವನ ಮೇಲೆಯೇ ಹೋಗಬಹುದು.

ರೇಸು ಬಿಟ್ಟ. ದಂಡೆಯ ಕಡೆ ನೋಡಿದ.

ನಾಗಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಬಲಗೈಯನ್ನು ನೀಳವಾಗಿ ಒಂದೇ ಕಡೆಗೆ ಚಾಚಿದ್ದರು. ಕೂಗಲಿಲ್ಲ. ಇವನನ್ನು ನೋಡಲೂ ಇಲ್ಲ. ಸೆರಗು ಜಾರಿ ನೀರಿಗೆ ಬಿತ್ತು. ಕೈ ಇಳಿಯಲಿಲ್ಲ, ಕಣ್ಣು ಕದಲಲಿಲ್ಲ.

ಉಮಾಕಾಂತ ಆ ಕೈ ತೋರಿಸಿದ ಗೆರೆ ಹಿಡಿದು ಮೆಲ್ಲಗೆ ಹೋದ. ಬಿಸಿಲಿನ ಹೊಳಪಿನ ಆಚೆಗೆ ಒಂದು ಕಿತ್ತಳೆ ಬಣ್ಣ. ಅದರ ಮೇಲೊಂದು ತಲೆ. ತಲೆ ಕೆಮ್ಮುತ್ತಿತ್ತು.

ಹತ್ತಿರ ಹೋಗುವ ಮೊದಲೇ ಎಂಜಿನ್ ನಿಲ್ಲಿಸಿದ. ಸಡಿಲವಾದ ಹಗ್ಗವನ್ನು, ಮನುಷ್ಯರ ಬಟ್ಟೆಯನ್ನು ಈ ಬೋಟಿನ ಹೊಟ್ಟೆ ಎಳೆದುಕೊಳ್ಳುತ್ತದೆ ಎಂದು ಹಗ್ಗ ಸುತ್ತಿ ಸುತ್ತಿ ಗೊತ್ತಿತ್ತು. ಉಳಿದ ದೂರ ಬೋಟು ತೇಲಿಕೊಂಡೇ ಹೋಯಿತು.

"ಭಾವ, ಬಿದ್ದರೆ ಕೈ ಎತ್ತಿ ಅಂದಿದ್ದೆನಲ್ಲ. ನನ್ನ ಪ್ರಾಣ ಹೋಗಿತ್ತು."

"ಎರಡೂ ಕೈಗೆ ಕೆಲಸ ಇದೆ ಮಾರಾಯ."

"ನೀರಿನೊಳಗೆ ಏನು ಕೆಲಸ?"

"ಚಡ್ಡಿ" ಎಂದ ಭಾವ. "ಅದನ್ನೂ ಬಿಟ್ಟಿದ್ದರೆ ನಿನ್ನ ಅಕ್ಕನಿಗೆ ಏನು ಹೇಳ್ತಿದ್ದೆ?"

ದಂಡೆಗೆ ಬಂದಾಗ ಗುರುಗಳು ಪೆಟ್ರೋಲ್ ಕ್ಯಾನು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾಗಮ್ಮ ಆಗಲೇ ಹೋಗಿ ಮೆಟ್ಟುಕತ್ತಿಯ ಮುಂದೆ ಕೂತಿದ್ದರು.

ಉಮಾಕಾಂತ ಮಣಿಕಟ್ಟಿನಿಂದ ಕೆಂಪು ದಾರ ಬಿಚ್ಚಲು ನೋಡಿದ. ಒದ್ದೆ ಗಂಟು ಬಿಗಿದುಕೊಂಡಿತ್ತು. ಗುರುಗಳೇ ಬಿಚ್ಚಿದರು.

"ನಿಮ್ಮ ಬೆನ್ನು ತಟ್ಟಿದರೆ, ಹಿಂದಿನವ ಬಿದ್ದ" ಎಂದ ಉಮಾಕಾಂತ, ತಲೆ ಎತ್ತದೆ. "ಚಿವುಟಿದರೆ ನಿಧಾನ. ಸವರಿದರೆ ಎಲ್ಲ ಸರಿ ಇದೆ. ಗುರುಗಳೇ, ಮೂರನೇ ತುದಿ ಅಮ್ಮನ ಕೈಯಲ್ಲಿದೆ."

ಗುರುಗಳ ಕಣ್ಣು ತುಂಬಿ ಬಂತು. ಚಾವಿಯನ್ನು ಶಿಷ್ಯನ ಅಂಗೈಯಲ್ಲಿಟ್ಟು, ಇನ್ನು ಮೇಲೆ ಈ ನದಿ ನಿನ್ನದು ಎಂದು ಹರಸಿದರು. ಬೆಳ್ಳಕ್ಕಿಗಳ ಸಾಲೊಂದು ಬಾನಿನಲ್ಲಿ ಹಾರಿಹೋಯಿತು.

ಈ ಕೊನೆ ನಾನು ಕಟ್ಟಿದ್ದು. ಬೆಳ್ಳಕ್ಕಿಯೂ ಇರಲಿಲ್ಲ.

ನಿಜಕ್ಕೂ ಗುರುಗಳು ಚಾವಿಯನ್ನು ವಾಪಸು ಮೊಳೆಗೆ ಹಾಕಿದರು. ಅಂಗಿ ಕಳಚಿ ಬೆನ್ನು ತಿರುಗಿಸಿ ನಿಂತರು. ಎಡ ಹೆಗಲಿನ ಕೆಳಗೆ, ಇಪ್ಪತ್ತು ವರ್ಷ ಚಿವುಟಿದ ಜಾಗ ಕಪ್ಪುಗಟ್ಟಿತ್ತು.

"ನಾಳೆಯಿಂದ ನಿನ್ನ ಕೈ ಇಲ್ಲಿ" ಎಂದರು. "ಉಗುರು ಕತ್ತರಿಸಿಕೊಂಡು ಬಾ."